ನೆಟ್ಟಗೆ ಹೊಡೆದ ಅಚ್ಚು

ಕಾಫಿ ಪಾತ್ರೆ ಗೊರಗೊರ ಎನ್ನುವ ಹೊತ್ತಿಗೆ ಸರಿಯಾಗಿ ಆರ್ಲೀನ್ ಮಹಡಿ ಇಳಿಯಲು ಶುರುಮಾಡುತ್ತಾಳೆ. ಇಳಿಯುವುದೆಂದರೆ ನಡೆದುಕೊಂಡಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತು, ಎರಡೂ ಅಂಗೈ ಊರಿ, ಎಳೆಮಗು ಜಾರಿದ ಹಾಗೆ ಒಂದೊಂದೇ ಮೆಟ್ಟಿಲು ಜಾರುತ್ತಾಳೆ. ಆ ಹೊತ್ತಿನಲ್ಲಿ ನಾರ್ಬರ್ಟ್ ಗವ್ರೋನ್ಸ್ಕಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತಾನೆ. ನೋಡಿದರೆ ಹೆಂಡತಿಗೆ ಸಿಟ್ಟು. ಕೈ ಕೊಡಲು ಹೋದರೆ ಇನ್ನೂ ಸಿಟ್ಟು.

"ನನ್ನ ಡುಪಾ ಪೂರ್ತಿ ಸವೆಯೋ ಮುಂಚೆ ಆ ಮನೆ ಸಿಗುತ್ತೋ ಇಲ್ವೋ," ಅಂದಳು ಆ ಏಪ್ರಿಲ್ ಬೆಳಿಗ್ಗೆ, ಕೊನೆಯ ಮೆಟ್ಟಿಲಲ್ಲಿ ಕೂತು ಕಾಲಿಂದ ಚಪ್ಪಲಿ ತಡಕುತ್ತ. ಪೋಲಿಷ್ ಅಜ್ಜಿಯಿಂದ ಅವಳಿಗೆ ಉಳಿದದ್ದು ಎರಡೇ: ಈಸ್ಟರ್ ಊಟಕ್ಕೆ ಬೆಣ್ಣೆಯಲ್ಲಿ ಕುರಿಮರಿಯ ಗೊಂಬೆ ಮಾಡಿಡುವುದು, ಮತ್ತು ಕುಂಡೆಗೆ ಹೇಳುವ ಈ ಮಾತು.

"ಸವೆದು ಮುಗಿಯೋವಷ್ಟು ಕಮ್ಮಿ ಏನಿಲ್ಲ ಬಿಡು," ಅಂದ ನಾರ್ಬರ್ಟ್, ತಿರುಗದೆಯೇ.

"ನಗು, ನಗು. ನಿನ್ನ ಮಂಡೀನೂ ಹೋಗ್ಲಿ, ಆಗ ನಾನೂ ನಗ್ತೀನಿ."

ಬಫೆಲೋ ನಗರದ ಪೂರ್ವದ ಅಂಚಿನ ಆ ಮನೆಯಲ್ಲಿ ಮಲಗುವ ಕೋಣೆಯೂ ಸ್ನಾನದ ಕೋಣೆಯೂ ಮೇಲೆ. ಕೆಳಗೆ ಅಡುಗೆಮನೆಯ ಹಿಂದೆ ಒಂದು ಪುಟ್ಟ ಕಕ್ಕಸು, ಅಷ್ಟೆ. ಐದು ಮೈಲಿ ಆಚೆ, ಡಿಪ್ಯೂ ಊರಿನಲ್ಲಿ ಆರ್ಲೀನಳ ತಂಗಿ ಪ್ಯಾಟಿ ಇರುವ ಬೀದಿಯಲ್ಲೇ ಒಂದು ಒಂಟಿ ಅಂತಸ್ತಿನ ಮನೆ ಮಾರಾಟಕ್ಕಿತ್ತು. ಅದರ ಒಡತಿ ವಿಧವೆ, ಪ್ಯಾಟಿಯ ಜೊತೆ ಚರ್ಚಿನಲ್ಲಿ ಹಾಡುವವಳು. ಸೆಪ್ಟೆಂಬರ್ ಮುಗಿಯುವವರೆಗೆ ಬೇರೆ ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ತಮ್ಮ ಮನೆ ಮಾರಿದರೆ ಆ ಮನೆಯ ಅರ್ಧ ಬೆಲೆ ಹುಟ್ಟುತ್ತಿತ್ತು. ಉಳಿದ ಅರ್ಧ ಗ್ಯಾರೇಜಿನಲ್ಲಿತ್ತು.

ಗ್ಯಾರೇಜಿನಲ್ಲಿದ್ದದ್ದು 1970ರ ಶೆವೆಲ್. ಹಣ್ಣುಗೆಂಪು ಬಣ್ಣ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ. ಎರಡೇ ಬಾಗಿಲಿನ ಸಾಧಾರಣ ಕಾರಿನೊಳಗೆ ಲಾರಿಗೆ ಸಾಲುವಷ್ಟು ದೊಡ್ಡ ಎಂಜಿನ್ ತುರುಕಿ ಹುಡುಗರಿಗೆ ಮಾರುತ್ತಿದ್ದ ಕಾಲದ್ದು; ಮಸಲ್ ಕಾರು ಎನ್ನುತ್ತಾರೆ. ನಾರ್ಬರ್ಟ್ ಅದನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹೊಸದಾಗಿಯೇ ಕೊಂಡಿದ್ದ. ಈಗ ಅವನಿಗೆ ಎಪ್ಪತ್ತೆರಡು. ಭುಜದ ಕೀಲು ಸವೆದು, ಗೇರು ಬದಲಿಸುವಾಗ ಹಲ್ಲು ಕಚ್ಚಬೇಕಾಗುತ್ತಿತ್ತು. ಮಾರಲು ಅವನಿಗೆ ಬೇಜಾರೇನೂ ಇರಲಿಲ್ಲ. ಮಂಡಿ ಹೋದ ಹೆಂಡತಿ ಮಹಡಿಯಲ್ಲಿ ಇರುವಾಗ ಕಾರನ್ನು ಗ್ಯಾರೇಜಿನಲ್ಲಿ ಮುದ್ದಿಸುವ ಗಂಡಸಲ್ಲ ಅವನು.

ಹರಾಜು ಕಂಪನಿಯೊಂದಕ್ಕೆ ಅವನೇ ಫೋನು ಮಾಡಿದ. ಎತ್ತಿದ ಹೆಂಗಸು ಮರ್ಯಾದೆಯಿಂದ ಮಾತಾಡಿದಳು. ಬಣ್ಣ, ಓಡಿದ ಮೈಲಿ, ಎಷ್ಟನೆಯ ಯಜಮಾನ, ಎಲ್ಲ ಕೇಳಿದಳು.

"ಎಂಜಿನ್ ಕಾರಿನ ಜೊತೆ ಹುಟ್ಟಿದ್ದೇ ತಾನೆ ಸರ್?"

"ಹೌದು ಕಣಮ್ಮ. ಆ ಕಾರು ಬೇರೆ ಎಂಜಿನ್ ಮುಖಾನೇ ನೋಡಿಲ್ಲ."

"ಹಾಗಾದ್ರೆ ಪಟ್ಟಿ ಮೇಲಿನ ನಂಬರಿಂದು ಒಂದು ಫೋಟೋ ಕಳಿಸಿ."

"ಅದು ಹೆರೆದು ಹೋಗಿದೆ."

ಆಚೆ ಕಡೆ ಟೈಪು ಮಾಡುವ ಸದ್ದು ನಿಂತಿತು.

ಆ ಎಂಜಿನ್ನಿನ ಬ್ಲಾಕಿನಲ್ಲಿ, ಅಂದರೆ ಎರಕ ಹೊಯ್ದ ಮುಖ್ಯ ಕಬ್ಬಿಣದಲ್ಲಿ, ಬಲಗಡೆ ಮುಂಭಾಗಕ್ಕೆ ಎರಡು ಬೆರಳಗಲದ ಒಂದು ಪಟ್ಟಿ ಚಾಚಿಕೊಂಡಿರುತ್ತದೆ. ಅದರ ಮೇಲೆ ಎರಡು ಸಾಲು ಅಚ್ಚು. ಒಂದು ಎಂಜಿನ್ ತಯಾರಾದ ಕಾರ್ಖಾನೆಯದು, ತಾರೀಖು ಮತ್ತು ಗುರುತಿನ ಅಕ್ಷರ. ಇನ್ನೊಂದು ಕಾರು ಜೋಡಿಸಿದ ಕಾರ್ಖಾನೆಯದು, ಕಾರಿನ ನಂಬರಿನ ಬಾಲ, ಕೊನೆಯ ಕೆಲವು ಅಂಕಿ. ಈ ಬಾಲವೂ ಕಾರಿನ ಗಾಜಿನ ಕೆಳಗಿನ ನಂಬರೂ ಹೊಂದಿದರೆ ಎಂಜಿನ್ ಹುಟ್ಟಿನದು. ಇಲ್ಲವಾದರೆ ಎಲ್ಲಿಂದಲೋ ತಂದದ್ದು. ಪಟ್ಟಿ ಬೋಳಾಗಿದ್ದರೆ ಯಾವುದನ್ನೂ ಹೇಳುವಂತಿಲ್ಲ.

1983ರ ಆಗಸ್ಟಿನಲ್ಲಿ, ಕೆನಡಾದ ಕ್ರಿಸ್ಟಲ್ ಬೀಚಿನಿಂದ ಮರಳುವಾಗ ಗಡಿಯ ಸೇತುವೆಯ ಸಾಲಿನಲ್ಲಿ ನಿಂತೂ ನಿಂತೂ ಎಂಜಿನ್ ಕುದಿದು, ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹಾರಿತ್ತು. ನಾರ್ಬರ್ಟ್ ಎಂಜಿನ್ ಇಳಿಸಿ ನೋಡಿದರೆ ಬ್ಲಾಕಿನ ಮೇಲ್ಮೈ ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಭಾವಮೈದುನ ಚೆಟ್‌ನ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೆರೆಯುವ ಮಿಲ್ಲಿಂಗ್ ಯಂತ್ರಕ್ಕೆ ಅದನ್ನು ಕಟ್ಟಿ, ಒಂದಿಡೀ ಭಾನುವಾರ ಕೂತು, ಗಾಜಿನಂತೆ ಸಮ ಮಾಡಿದ. ಪಟ್ಟಿಯೂ ಆ ಮೇಲ್ಮೈಯದೇ ಮುಂದುವರಿಕೆ. ಅಲಗು ಅದರ ಮೇಲೂ ಹರಿಯಿತು. ಅಂದು ಅದು ಹದಿಮೂರು ವರ್ಷದ ಹಳೆ ಕಾರು. ನಂಬರನ್ನು ಯಾರು ನೋಡುತ್ತಿದ್ದರು? ಉದುರಿದ ಚೂರನ್ನು ಅವನೇ ಪೊರಕೆಯಿಂದ ಗುಡಿಸಿ ಪೀಪಾಯಿಗೆ ಸುರಿದಿದ್ದ. ಆಮೇಲೆ ಮೂವತ್ತಾರು ವರ್ಷ ಒಂದು ಹನಿ ನೀರು ಸೋರಲಿಲ್ಲ. ತನ್ನ ಕೈಯಿಂದ ಆದ ಕೆಲಸಗಳಲ್ಲಿ ಅದೇ ಒಳ್ಳೆಯದು ಎಂದು ಅವನು ಹೇಳಿಕೊಳ್ಳುತ್ತಿದ್ದ.

ಇದೆಲ್ಲವನ್ನೂ ಫೋನಿನಲ್ಲಿ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿದಳು.

"ನಾನು ನಿಮ್ಮನ್ನ ನಂಬ್ತೀನಿ ಸರ್. ಆದ್ರೆ ದುಡ್ಡು ಕೊಡೋರು ನಾನಲ್ವಲ್ಲ. ನಂಬರ್ ಇದ್ದಿದ್ರೆ ಎಂಬತ್ತು ಸಾವಿರ ಡಾಲರ್ ಅಂತ ಕಣ್ಮುಚ್ಚಿ ಹೇಳ್ತಿದ್ದೆ. ಬೋಳು ಪಟ್ಟಿಗೆ ನಲವತ್ತೈದು."

"ಅದೇ ಎಂಜಿನ್ ತಾಯಿ. ಅದೇ ಕಬ್ಬಿಣ."

"ಇರಬಹುದು ಸರ್."

ಎಂಬತ್ತು ಬಂದರೆ ಡಿಪ್ಯೂವಿನ ಮನೆ. ನಲವತ್ತೈದಕ್ಕೆ ಮೆಟ್ಟಿಲೇ ಗತಿ. ಎಪ್ಪತ್ತೆರಡರಲ್ಲಿ ಬ್ಯಾಂಕಿನ ಸಾಲಕ್ಕೆ ಸಹಿ ಹಾಕುವ ಹುಚ್ಚು ಇಬ್ಬರಿಗೂ ಇರಲಿಲ್ಲ.

ಶುಕ್ರವಾರದ ಮೀನಿನ ಊಟಕ್ಕೆ ಎಂದಿನ ಬಾರಿನಲ್ಲಿ ಚೆಟ್ ಸಿಕ್ಕಿದ. ತಟ್ಟೆಯ ಎರಡೂ ಬದಿ ಮೀರಿ ಚಾಚಿದ ಕರಿದ ಮೀನನ್ನು ಮುರಿಯುತ್ತ ಪೂರ್ತಿ ಕಥೆ ಕೇಳಿದ. ಚೆಟ್ ಯೋಚನೆ ಮಾಡಿ ಮಾತಾಡುವವನಲ್ಲ. ಮಾತಾಡಿ ಆಮೇಲೆ ಯೋಚಿಸುವವನು.

"ಇದಕ್ಕೆ ಇಷ್ಟೊಂದು ಮುಖ ಯಾಕೆ ಇಳಿಬಿಟ್ಟಿದ್ದೀಯ? ನಂಬರ್ ಹೊಡಿ."

"ಏನು?"

"ವಾಪಸ್ ಹೊಡಿ. ನಿನ್ನ ಹಲ್ಲು ಉದುರಿ ಹೋಯ್ತು, ಡಾಕ್ಟ್ರು ಅದೇ ಹಲ್ಲು ಅದೇ ಜಾಗಕ್ಕೆ ಕೂರಿಸಿದ್ರೆ ಕಟ್ಟಿಸಿದ ಹಲ್ಲು ಅಂತಾರಾ? ನಿನ್ನ ಎಂಜಿನ್, ನಿನ್ನ ನಂಬರು. ಹೊಡಿಯೋದೂ ನೀನೇ. ನಿನಗಿಂತ ಅರ್ಹ ಇನ್ಯಾವನಿದ್ದಾನೆ ಹೇಳು?"

ಆ ಮಾತಿನಲ್ಲಿ ಹುರುಳಿತ್ತು. ಚಪ್ಪಟೆ ಪಾದವೆಂದು ಸೈನ್ಯ ಬೇಡವೆಂದ ಮೇಲೆ, 1966ರಲ್ಲಿ, ನಾರ್ಬರ್ಟ್ ನದಿದಂಡೆಯ ಎಂಜಿನ್ ಕಾರ್ಖಾನೆಗೆ ಸೇರಿದ್ದ. ಮೊದಲ ಆರು ವರ್ಷ ಅವನ ಕೆಲಸ ಅಚ್ಚು ಹೊಡೆಯುವುದೇ. ಉಕ್ಕಿನ ಹಿಡಿಕೆಯಲ್ಲಿ ಅಂದಿನ ಅಕ್ಷರಗಳನ್ನು ಸಾಲಾಗಿ ಬಿಗಿದು, ಪಟ್ಟಿಯ ಮೇಲೆ ಇಟ್ಟು, ನಾಲ್ಕು ಪೌಂಡಿನ ಸುತ್ತಿಗೆಯಿಂದ ಒಂದೇ ಏಟು. ಬ್ಲಾಕು ನಿಲ್ಲುತ್ತಿರಲಿಲ್ಲ, ಸಾಲು ಮುಂದಕ್ಕೆ ಹೋಗುತ್ತಲೇ ಇರುತ್ತಿತ್ತು. ಏಟು ಜಾರಿದರೆ ಅದರ ಮೇಲೇ ಇನ್ನೊಂದು. "ಓದೋಕೆ ಬಂದ್ರೆ ಸಾಕು, ನಿನ್ನ ಮದುವೆ ಪತ್ರ ಅಲ್ಲ ಅದು," ಎಂದು ಮೇಸ್ತ್ರಿ ಕೂಗುತ್ತಿದ್ದ. ಶುಕ್ರವಾರ ಮಧ್ಯಾಹ್ನ ಬಿಯರು ಕುಡಿದು ಬಂದು, ಪಂದ್ಯ ಕಟ್ಟಿ ಎಡಗೈಯಲ್ಲಿ ಹೊಡೆದವರೂ ಇದ್ದರು. ನಾರ್ಬರ್ಟನ ಮಣಿಕಟ್ಟಿನದು ಒಂದು ದೋಷ. ಸುತ್ತಿಗೆ ಎಡಕ್ಕೆ ವಾಲಿ ಬೀಳುತ್ತಿತ್ತು, ಕೊನೆಯ ಅಕ್ಷರ ಸರಿಯಾಗಿ ಕಚ್ಚುತ್ತಿರಲಿಲ್ಲ. ಶೆವೆಲ್ ಕೊಂಡ ದಿನ ಬಾನೆಟ್ ಎತ್ತಿ ನೋಡಿದರೆ ಕೊನೆಯ ಅಕ್ಷರ ಅರ್ಧಂಬರ್ಧ. "ನನ್ನದೇ," ಅಂದಿದ್ದ ಅಂಗಡಿಯವನಿಗೆ. ಅಂಗಡಿಯವನು ದುಡ್ಡು ಎಣಿಸುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಆರ್ಲೀನಳಿಗೆ ವಿಷಯ ಹೇಳಿದಾಗ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು.

"ಹೊಡ್ಕೋ. ಆದ್ರೆ ಹೊಡೆದೆ ಅಂತ ಹೇಳಿ ಮಾರು."

"ಹೇಳಿದ್ರೆ ಹೊಡೆದೂ ದಂಡ. ಬೋಳು ಪಟ್ಟಿ ಬೆಲೇನೇ ಸಿಗೋದು."

"ಹಾಗಾದ್ರೆ ಇದು ಸುಳ್ಳು ತಾನೆ?"

"ನಂಬರ್ ಸುಳ್ಳಲ್ಲ."

"ನಂಬರ್ ವಿಷಯ ಯಾರು ಕೇಳಿದ್ರು ನಿನ್ನ?"

ಅವಳು ಒಮ್ಮೆ ಮೆಟ್ಟಿಲ ಕಡೆ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅಕ್ಷರಗಳನ್ನು ಚೆಟ್ ತರಿಸಿದ. ಆ ಕಾಲದ ಅದೇ ಆಕಾರದ ಅಚ್ಚುಗಳು ಅಂತರ್ಜಾಲದಲ್ಲಿ ಪೆಟ್ಟಿಗೆಗಟ್ಟಲೆ ಸಿಗುತ್ತವೆ. "ನೋಡು, ನಿನ್ನೊಬ್ಬನಿಗೋಸ್ಕರ ಮಾಡಿರೋದಲ್ಲ ಇವು," ಅಂದ. ಜೂನ್ ತಿಂಗಳ ಒಂದು ಶನಿವಾರ ಇಬ್ಬರೂ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತರು. ನಾರ್ಬರ್ಟ್ ಮೊದಲು ಒಂದು ರದ್ದಿ ಕಬ್ಬಿಣದ ಮೇಲೆ ಹಿಡಿಕೆ ಇಟ್ಟು ಹಳೆಯ ಹಾಗೆ ಒಂದೇ ಏಟು ಹೊಡೆಯಲು ನೋಡಿದ. ಸುತ್ತಿಗೆ ಕಿವಿಯ ಮಟ್ಟಕ್ಕೂ ಏರಲಿಲ್ಲ. ಭುಜದಲ್ಲಿ ಏನೋ ಕಳಕ್ ಎಂದು, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರಬೇಕಾಯಿತು. ಕೊನೆಗೆ ಹಿಡಿಕೆ ಬಿಟ್ಟು ಬಿಡಿ ಅಕ್ಷರ ತೆಗೆದುಕೊಂಡ. ಕಾರಿನ ನಂಬರು ಗಾಜಿನ ಕೆಳಗೇ ಇತ್ತು, ಎಂಜಿನ್ನಿನ ತಾರೀಖೂ ಅಕ್ಷರವೂ ಕೊಂಡ ದಿನದಿಂದ ಅವನಿಗೆ ಬಾಯಿಪಾಠ. ಪಟ್ಟಿಯ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಉಕ್ಕಿನ ಅಳತೆಪಟ್ಟಿ ಆನಿಸಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಅಕ್ಷರ, ಒಂದೊಂದಕ್ಕೂ ಅಳೆದ ಏಟು. ಕೊನೆಯ ಅಕ್ಷರವನ್ನೂ ಬಿಡದೆ ಪೂರ್ತಿ ಕಚ್ಚಿಸಿದ. ಎರಡು ಸಾಲು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಚೆಟ್ ಬಗ್ಗಿ ನೋಡಿದ. "ಸಮಾಧಿ ಕಲ್ಲಿನ ಮೇಲೆ ಕೆತ್ತಿದ ಹಾಗಿದೆಯಲ್ಲೋ."

"ಚೆನ್ನಾಗಿದೆ ಅಂತಲೋ?"

"ಚೆನ್ನಾಗೇ ಇದೆ. ಇರು, ಸ್ವಲ್ಪ ವಿನೆಗರ್ ಸವರೋಣ. ತುಕ್ಕು ಹಿಡಿದ್ರೆ ಹಳೇದರ ಹಾಗೆ ಕಾಣುತ್ತೆ."

"ಬೇಡ. ಅದು ಮಾಡಿದ್ರೆ ಕಳ್ಳತನ ಆಗುತ್ತೆ," ಅಂದ ನಾರ್ಬರ್ಟ್. ತಪ್ಪಿಗೆ ಅವನು ಹಾಕಿಕೊಂಡ ಗೆರೆ ಅಲ್ಲಿತ್ತು.

ಇನ್ನೊಂದು ಊರಿನ, ಇನ್ನೊಂದು ಹರಾಜು ಕಂಪನಿಗೆ ಫೋಟೋ ಹೋಯಿತು. ಜುಲೈಯಲ್ಲಿ ಆ ಕಂಪನಿಯ ಪರವಾಗಿ ಸಿರಕ್ಯೂಸಿನಿಂದ ವೆಂಡೆಲ್ ಪ್ರ್ಯಾಟ್ ಎಂಬ ಪರೀಕ್ಷಕ ಬಂದ. ಐವತ್ತರ ಆಸುಪಾಸಿನವನು, ಮಿತಭಾಷಿ. ಮಂಡಿಗೆ ರಬ್ಬರಿನ ಕವಚ ಕಟ್ಟಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದ. ಆಮೇಲೆ ಎಂಜಿನ್ ಚಾಲೂ ಮಾಡಿಸಿ ಕಣ್ಣುಮುಚ್ಚಿ ಕೇಳಿದ.

"ಇಷ್ಟು ಶುದ್ಧವಾಗಿ ಓಡೋ ಎಂಜಿನ್ ಈ ವರ್ಷ ಕೇಳಿರಲಿಲ್ಲ, ಮಿಸ್ಟರ್ ಗವ್ರೋನ್ಸ್ಕಿ. ಯಾರು ಕೆಲಸ ಮಾಡಿದ್ದು?"

"ನಾನೇ."

"ಗೊತ್ತಾಗುತ್ತೆ. ಆರಿಸಿ."

ಕಿಟಕಿಯ ಹಿಂದೆ ಆರ್ಲೀನ್ ನಿಂತಿದ್ದಳು. ಪ್ರ್ಯಾಟ್ ಪುಟ್ಟ ಟಾರ್ಚನ್ನು ಪಟ್ಟಿಗೆ ಅಡ್ಡಲಾಗಿ ಹಿಡಿದು, ಭೂತಗನ್ನಡಿ ಇಟ್ಟು ನೋಡಿದ. ನೋಡುತ್ತಲೇ ಇದ್ದ. ಕೊನೆಗೆ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

"ಇದು ಆಮೇಲೆ ಹೊಡೆದ ಅಚ್ಚು."

"ಬ್ಲಾಕು ಅದರದೇ."

"ಇರಬಹುದು. ಅಚ್ಚು ಅಲ್ಲ. ಕಾರ್ಖಾನೆಯಲ್ಲಿ ಈ ಮೇಲ್ಮೈಯನ್ನ ಒಂದೇ ದಿಕ್ಕಿಗೆ ಹೆರೆದಿರ್ತಾರೆ. ಬಾಚಣಿಗೆ ಎಳೆದ ಹಾಗೆ ಉದ್ದಕ್ಕೂ ಸಣ್ಣ ಗೀರು ಇರಬೇಕು. ನಿಮ್ಮದರಲ್ಲಿ ಚಕ್ರ ತಿರುಗಿದ ಗುರುತಿದೆ."

ನಾರ್ಬರ್ಟ್ ಬಾನೆಟ್ಟಿನ ಅಂಚು ಹಿಡಿದುಕೊಂಡ. ಆಗ ಎಲ್ಲವನ್ನೂ ಹೇಳಿದ. ಸೇತುವೆಯ ಸಾಲು, ಮಿಲ್ಲಿಂಗ್ ಯಂತ್ರ, ಪೊರಕೆ, ಜೂನ್ ತಿಂಗಳ ಶನಿವಾರ, ಯಾವುದನ್ನೂ ಬಿಡಲಿಲ್ಲ. ಪ್ರ್ಯಾಟ್ ನಡುವೆ ಬಾಯಿ ಹಾಕದೆ ಕೇಳಿದ.

"ಮಾರೋರ ಹತ್ರ ಒಂದು ಕಥೆ ಇದ್ದೇ ಇರುತ್ತೆ ಸರ್. ನಿಮ್ಮದು ಚೆನ್ನಾಗಿದೆ. ಆದ್ರೆ ಇದನ್ನ ನೀವು ಫೋನಿನಲ್ಲೇ ಹೇಳಬೇಕಿತ್ತು, ನಾನು ಟಾರ್ಚ್ ಬಿಟ್ಟ ಮೇಲಲ್ಲ."

"ಆ ಕಾರ್ಖಾನೇಲಿ ಆ ಅಚ್ಚು ಹೊಡೀತಿದ್ದೋನೇ ನಾನು ಮಾರಾಯ! ಆರು ವರ್ಷ!"

ಪ್ರ್ಯಾಟ್ ಮತ್ತೊಮ್ಮೆ ಪಟ್ಟಿಯ ಕಡೆ ಬಗ್ಗಿದ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ.

"ಅಲ್ಲಿ ಹೊಡೀತಿದ್ದೋರಿಗೆ ಪುರುಸೊತ್ತು ಇರಲಿಲ್ಲ. ಒಂದು ಅಕ್ಷರ ಆಳ, ಒಂದು ತೇಲು, ಸಾಲು ಸೊಟ್ಟ. ಕೊಳ್ಳೋರು ಆ ಸೊಟ್ಟಾನೇ ಹುಡುಕ್ತಾರೆ. ಇದನ್ನ ಹೊಡೆದೋನು ಜೀವ ಇಟ್ಟು ಹೊಡೆದಿದ್ದಾನೆ." ಬೆನ್ನು ನೆಟ್ಟಗೆ ಮಾಡಿಕೊಂಡ. "ನೀವು ನಿಜಕ್ಕೂ ಆ ಕೆಲಸದಲ್ಲಿ ಇದ್ದೋರೇ ಆಗಿದ್ರೆ, ನೀವು ಹೇಗೆ ಹೊಡೀತಿದ್ರಿ ಅನ್ನೋದು ನಿಮಗೆ ಗೊತ್ತಿರಬೇಕಿತ್ತು."

ಪ್ರ್ಯಾಟನ ಕಾರು ಬೀದಿಯ ತಿರುವು ದಾಟುವವರೆಗೂ ನಾರ್ಬರ್ಟ್ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದಾಗ ಆರ್ಲೀನ್ ಕಾಫಿ ಬಗ್ಗಿಸಿ ಕೊಟ್ಟಳು.

ಪ್ರ್ಯಾಟ್ ಎಲ್ಲೂ ನಾರ್ಬರ್ಟನ ಹೆಸರು ಹಾಕಲಿಲ್ಲ. ಆದರೆ ಪಟ್ಟಿಯ ಫೋಟೋ ಹಳೆ ಕಾರಿನವರು ಸೇರುವ ಜಾಲತಾಣಕ್ಕೆ ಹೇಗೋ ತಲುಪಿತು. ಹಣ್ಣುಗೆಂಪು ಶೆವೆಲ್ ಬಫೆಲೋದಲ್ಲಿ ಎಷ್ಟಿವೆ? ಬೇಸಿಗೆಯ ಗುರುವಾರ ಸಂಜೆ ಐಸ್‌ಕ್ರೀಮ್ ಅಂಗಡಿಯ ಅಂಗಳದಲ್ಲಿ ಹಳೆ ಕಾರುಗಳು ಬಾನೆಟ್ ಎತ್ತಿ ಸಾಲಾಗಿ ನಿಲ್ಲುತ್ತವೆ. ಯಜಮಾನರು ಹಿಂದೆ ಮಡಚು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆ ಸಾಲಿನ ಒಂಬತ್ತೋ ಹತ್ತೋ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿದವನು ನಾರ್ಬರ್ಟ್. ಪ್ರ್ಯಾಟ್ ಬಂದು ಹೋದ ಎರಡು ವಾರಕ್ಕೆ ಅವನು ತನ್ನ ಕುರ್ಚಿ ಬಿಡಿಸುತ್ತಿದ್ದಾಗ, ಇಪ್ಪತ್ತು ವರ್ಷದ ಗೆಳೆಯ ರೇ ಡಿಪಾಸ್ಕ್ವಾಲೆ ಸಾಲಿಗೆಲ್ಲ ಕೇಳುವಂತೆ ಕೂಗಿದ:

"ನಾರ್ಬ್, ನನ್ನ ಎಂಜಿನ್ ಬಿಚ್ಚಿದ್ಯಲ್ಲ, ಅದಕ್ಕೆ ಯಾವ ನಂಬರ್ ಹೊಡೆದೆಯೋ? ಲಾಟರಿ ಹೊಡೆಯೋ ನಂಬರಾ?"

ಎಲ್ಲರೂ ನಕ್ಕರು. ನಾರ್ಬರ್ಟನೂ ನಕ್ಕ. ಆ ನಗು ಇಳಿದ ಮೇಲೆ, ಮೂರು ಕಾರು ಆಚೆಯವನೊಬ್ಬ ಎದ್ದು ಹೋಗಿ, ತನ್ನ ಎಂಜಿನ್ನಿನ ಪಟ್ಟಿಯ ಮೇಲೆ ಟಾರ್ಚ್ ಹಿಡಿದು ನೋಡಿದ. ಅದನ್ನು ಕಟ್ಟಿದ್ದೂ ನಾರ್ಬರ್ಟೇ. ಮುಂದಿನ ಗುರುವಾರ ನಾರ್ಬರ್ಟ್ ಅಲ್ಲಿಗೆ ಹೋಗಲಿಲ್ಲ. ಆಮೇಲಿನ ಗುರುವಾರವೂ.

ಬೋಳು ಪಟ್ಟಿಯೆಂದರೆ ದುರದೃಷ್ಟ. ಮರಳಿ ಹೊಡೆದ ಪಟ್ಟಿಯೆಂದರೆ ಮೋಸ. ಸಂತೆಯಲ್ಲಿ ಎರಡಕ್ಕೂ ಬೇರೆ ಬೇರೆ ದರ. ಅಚ್ಚು ಹೊಡೆಯದೆ ಇದ್ದಿದ್ದರೆ ನಲವತ್ತೈದು ಸಾವಿರಕ್ಕೆ ಹೋಗುತ್ತಿದ್ದ ಕಾರನ್ನು ಸೆಪ್ಟೆಂಬರ್ ಕೊನೆಯ ವಾರ ಎರಿ ಊರಿನ ಒಬ್ಬ ಹಲ್ಲಿನ ಡಾಕ್ಟರು ಮೂವತ್ತಾರಕ್ಕೆ ಕೊಂಡರು. ಇನ್ನೂ ಕಾಯುವ ಧೈರ್ಯ ನಾರ್ಬರ್ಟನಿಗಿರಲಿಲ್ಲ. ಎಲ್ಲ ಸೇರಿಸಿದರೂ ಮನೆಗೆ ಸಾಲಲಿಲ್ಲ. ವಿಧವೆ ಮಾತು ತಪ್ಪಲಿಲ್ಲ. ಅಕ್ಟೋಬರ್ ಒಂದನೆಯ ತಾರೀಖಿನವರೆಗೆ ಕಾದು, ಆಮೇಲೆ ಅಂಗಳದಲ್ಲಿ ಫಲಕ ನೆಟ್ಟಳು. ಎರಡನೆಯ ಭಾನುವಾರದೊಳಗೆ ಮನೆ ಹೋಯಿತು.

"ಹೊಸಬರಿಗೆ ಇನ್ನೂ ಮೂವತ್ತೂ ಆಗಿಲ್ಲ," ಎಂದಳು ಪ್ಯಾಟಿ ಫೋನಿನಲ್ಲಿ. "ಮಹಡಿ ಇಲ್ಲ ಅಂತ ಆ ಹುಡುಗೀಗೆ ಬೇಜಾರಂತೆ."

ಆರ್ಲೀನ್ ಫೋನು ಇಟ್ಟು ಆ ಮಾತನ್ನು ಗಂಡನಿಗೆ ಹಾಗೆಯೇ ಒಪ್ಪಿಸಿದಳು. ಬೇಕೆಂದೇ ಒಪ್ಪಿಸಿದಳು.

ನವೆಂಬರಿನಲ್ಲಿ ಹತ್ತಿರದ ಹ್ಯಾಂಬರ್ಗ್ ಊರಿನ ಒಂದು ವರ್ಕ್‌ಶಾಪಿನಿಂದ ಕರೆ ಬಂತು. ಡಾಕ್ಟರು ಶೆವೆಲ್ಲನ್ನು ಅಲ್ಲಿ ಕೆಲಸಕ್ಕೆ ಬಿಟ್ಟಿದ್ದರು. ಕಳಂಕದ ಎಂಜಿನ್ ಅವರಿಗೆ ಬೇಡ, ಬೇರೆ ಕೂರಿಸಿ ಆಗಿದೆ. ಹಳೆಯದು ನಿಮಗೆ ಬೇಕೋ, ಇಲ್ಲ ಗುಜರಿಗೆ ಹಾಕಲೋ, ಎಂದು ಮೆಕ್ಯಾನಿಕ್ ಕೇಳಿದ. ಚೆಟ್‌ನ ಪಿಕಪ್ಪಿನಲ್ಲಿ ಇಬ್ಬರೂ ಹೋದರು. ದಾರಿಯುದ್ದಕ್ಕೂ ಚೆಟ್ ಮಾತಾಡಲಿಲ್ಲ. ಅವನಿಗೆ ಅದು ಹೊಸದು.

ಎಂಜಿನ್ ಮೂಲೆಯಲ್ಲಿ ಸರಪಳಿಯಲ್ಲಿ ತೂಗುತ್ತಿತ್ತು. ಕಾರು ಬೆಳಕಿನ ಕೆಳಗೆ, ಬಾನೆಟ್ ಎತ್ತಿಕೊಂಡು ನಿಂತಿತ್ತು. ಮೆಕ್ಯಾನಿಕ್ ಹುರುಪಿನವನು, ಬಂದವರು ಯಾರೆಂದು ಅವನಿಗೆ ಅಷ್ಟಾಗಿ ಗೊತ್ತಿರಲಿಲ್ಲ.

"ಬನ್ನಿ, ಇದನ್ನ ನೋಡಿ. ಒಹಾಯೋದಲ್ಲಿ ಸಿಕ್ಕಿದ್ದು. ನಂಬರ್ ಬೇರೆ ಕಾರಿಂದು, ಅದನ್ನ ಡಾಕ್ಟ್ರು ಮುಚ್ಚಿಡ್ತಿಲ್ಲ. ಆದ್ರೆ ಅದೇ ವರ್ಷದ್ದು, ಅದೇ ಕಾರ್ಖಾನೇದು, ಯಾರೂ ಮುಟ್ಟಿಲ್ಲ. ಅಸಲಿ ಅಚ್ಚು ಅಂದ್ರೆ ಹೇಗಿರುತ್ತೆ ನೋಡಿ!"

ನಾರ್ಬರ್ಟ್ ಬಗ್ಗಿದ. ಪಟ್ಟಿಯ ಉದ್ದಕ್ಕೂ ಬಾಚಣಿಗೆ ಎಳೆದಂಥ ಗೀರು. ಅದರ ಮೇಲೆ 1970ರ ಫೆಬ್ರವರಿಯ ಒಂದು ತಾರೀಖು, ಸೊಟ್ಟ ಸಾಲು. ಎರಡನೆಯ ಅಂಕಿಗೆ ನೆರಳಿನಂತೆ ಇನ್ನೊಂದು ಅಂಕಿ ಅಂಟಿಕೊಂಡಿತ್ತು. ಕೊನೆಯ ಅಕ್ಷರ ಅರ್ಧಂಬರ್ಧ. ಆ ಚಳಿಗಾಲ ಮೂರು ಪಾಳಿ ನಡೆಯುತ್ತಿತ್ತು, ಅಚ್ಚು ಹೊಡೆಯುವವರು ಏಳೆಂಟು ಜನ ಇದ್ದರು. ಅದು ತನ್ನದೋ ಬೇರೆಯವರದೋ ಅವನಿಗೆ ಹೇಳಲಾಗಲಿಲ್ಲ.

"ಚೆನ್ನಾಗಿದೆ," ಅಂದ. "ಪಿಕಪ್ಪಿಗೆ ಎತ್ತು ಚೆಟ್."

ಈಗ ಆ ಎಂಜಿನ್ ಗ್ಯಾರೇಜಿನಲ್ಲಿ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ಮರದ ದಿಮ್ಮಿಗಳ ಮೇಲೆ ಟಾರ್ಪಾಲು ಹೊದ್ದು ಕೂತಿದೆ. ಊಟದ ಮೇಜನ್ನು ಚೆಟ್ ತನ್ನ ಮನೆಗೆ ಒಯ್ದ. ಅದರ ಜಾಗಕ್ಕೆ ಮಹಡಿಯಿಂದ ಮಂಚ ಇಳಿದಿದೆ. ಸ್ನಾನಕ್ಕೆ ಬುಧವಾರ, ಶನಿವಾರ ಆರ್ಲೀನಳನ್ನು ಪ್ಯಾಟಿಯ ಮನೆಗೆ ಕರೆದುಕೊಂಡು ಹೋಗಬೇಕು. ಆ ಬೀದಿಯಲ್ಲಿ ಮಾರಾಟವಾದ ಮನೆಯನ್ನು ದಾಟಿಯೇ ಹೋಗಬೇಕು. ಅದರ ಮುಂದೆ ಬಂದಾಗಲೆಲ್ಲ ಅವಳು ಕೈಚೀಲದಲ್ಲಿ ಏನಾದರೂ ಹುಡುಕುತ್ತಾಳೆ.

ಈಗ ಇಬ್ಬರೂ ಮಲಗುವ ಆ ಊಟದ ಕೋಣೆಗೂ ನಡುಮನೆಗೂ ನಡುವೆ ಬರೀ ಕಮಾನು, ಬಾಗಿಲಿಲ್ಲ. ಸೋಮವಾರ ಬಡಗಿ ಬಂದು ಅಲ್ಲೊಂದು ಬಾಗಿಲು ಕೂರಿಸಿ ಹೋಗುತ್ತಾನೆ.